ಸೆಕೆಂಡ್ ಹ್ಯಾಂಡ್ ಆರ್15, ಭಾಗ 3: ಬಾಯ್ ಬುಡ್ಸಿ ನೋಡು

ಹೋದ ಪೋಸ್ಟ್‌ನಲ್ಲಿ ಹೇಳಿದ್ನಲ್ಲ, ಮೈಸೂರಿಗೆ ಗಾಡಿ ನೋಡೋಕೆ ಹೊರಟೆ ಅಂತ. ಮೊದಲು ನನ್ನ ತಪ್ಪು ಒಪ್ಕೋತೀನಿ. ಗಾಡಿ ನೋಡೋಕೆ ಮುಂಚೆನೇ 2,000 ಟೋಕನ್ ಹಾಕ್ಬಿಟ್ಟಿದ್ದೆ. "ಬ್ರೋ, ಇನ್ನಿಬ್ರು ಕೇಳ್ತಾವ್ರೆ, ಸಂಜೆಗೆ ಹೋಗ್ಬಿಡುತ್ತೆ" ಅಂದ. ನಿಮಗೂ ಇದನ್ನೇ ಅಂತಾರೆ, ನೋಡ್ತಿರಿ.

ಗಾಡಿ 2018ರ ಆರ್15 ವಿ3, 155 ಸಿಸಿ, ನೀಲಿ ಬಣ್ಣ. ಕೇಳಿದ್ದು 85,000. ಅದ್ರಲ್ಲಿ 50,000 ಅವ್ವ ಸಂಘದಲ್ಲಿ ಎತ್ತಿದ ಸಾಲ. ವಾರ ವಾರ ಕಟ್ಬೇಕು.

ಹೊರಡುವಾಗ ಜಗುಲಿ ಮೇಲೆ ಕೂತಿದ್ದ ತಾತ ಅಂದ್ರು: "ಕೊಂಬ್ ನೋಡಿ ಯಾಮಾರ್ಬ್ಯಾಡ ಕಣ್ಲಾ, ಬಾಯ್ ಬುಡ್ಸಿ ನೋಡು." ಹೇಮಗಿರಿ ಜಾತ್ರೆಲಿ ಎತ್ತು ಹಿಡಿದು ತಂದ ಮನುಷ್ಯ. ಕೊಂಬು ಹೆರೆದು ಬಣ್ಣ ಬಳಿದ್ರೆ ಮುದಿ ಎತ್ತೂ ಮದುವಣಿಗ. ವಯಸ್ಸು ಮಾತ್ರ ಹಲ್ಲಲ್ಲಿ ಇರುತ್ತೆ: ಎರಡು ಹಲ್ಲು, ನಾಲ್ಕು, ಆರು, ಆಮೇಲೆ ಬಾಯಿಗೂಡಿದ್ದು. ಬೈಕಿಗೆ ಎಲ್ಲಿ ಹಲ್ಲು ಅಂತ ನಕ್ಕೊಂಡು ಬಸ್ ಹತ್ತಿದೆ.

ಅಲ್ಲಿ ಗಾಡಿ ಫಳಫಳ. "ಸಿಂಗಲ್ ಓನರ್ ಬ್ರೋ. 18,000 ಕಿಲೋಮೀಟರ್. ಶೋರೂಂ ಟೈರ್. ಒಂದ್ಸಲಾನೂ ಬಿದ್ದಿಲ್ಲ." ನಮ್ಮೂರು ಚಿಕ್ಕರಸಿನಕೆರೆ ಅಂದಿದ್ದೇ ತಡ, "ಓ, ನಿಮ್ಮೂರ ಬಸಪ್ಪನ ಆಣೆ!" ಅಂದ. ನಮ್ಮ ಕಾಲಭೈರವೇಶ್ವರನ ಬಸಪ್ಪನ ಮುಂದೆ ಜನ ನ್ಯಾಯ ಕೇಳೋಕೆ ಬರ್ತಾರೆ, ಇವನು ಅಲ್ಲೇ ನಿಂತು ಸುಳ್ಳಾಣೆ ಇಡ್ತಾವ್ನೆ.

ಇಂಜಿನ್ ಹತ್ರ ಕೈ ಹಿಡಿದೆ, ಬಿಸಿ. ನಾನು ಬರೋಕೆ ಮುಂಚೆನೇ ಸ್ಟಾರ್ಟ್ ಮಾಡಿ ಇಟ್ಟಿದ್ದ. ಆರಿದ ಇಂಜಿನ್ ಸ್ಟಾರ್ಟ್ ಮಾಡಿದಾಗ್ಲೇ ಅದರ ಸದ್ದು, ಹೊಗೆ ಗೊತ್ತಾಗೋದು. ಅದಕ್ಕೇ ಹೇಳದೇ ಅರ್ಧ ಗಂಟೆ ಮುಂಚೆ ಹೋಗಿ.

ಎರಡನೇ ಫೋಟೋ ಝೂಮ್ ಮಾಡಿ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ, 2221. ಅಂದ್ರೆ 2021ರ 22ನೇ ವಾರ ತಯಾರಾದದ್ದು. 2018ರ ಗಾಡಿಗೆ ಶೋರೂಂ ಟೈರ್ ಹೆಂಗಾಯ್ತು? ಟೈರ್ ಬದಲಾಯಿಸೋದು ತಪ್ಪೇನಲ್ಲ, ಒಳ್ಳೇದೇ. ಆದ್ರೆ ಕೇಳದೇನೇ ಯಾಕೆ ಸುಳ್ಳು ಹೇಳ್ದ?

ಮೂರನೇ ಫೋಟೋ: ಹ್ಯಾಂಡಲ್ ಪೂರ್ತಿ ತಿರುಗಿಸಿದ್ರೆ ಫ್ರೇಮ್‌ಗೆ ತಾಗೋ ಸ್ಟಾಪರ್. ಎಡಗಡೆದು ಜಜ್ಜಿ ಹೋಗೈತೆ. ಫೇರಿಂಗ್ ಹೊಸದು ಹಾಕಿಸ್ಬೋದು, ಕ್ಲಚ್ ಲಿವರ್ ಬದಲಾಯಿಸ್ಬೋದು. ಇದನ್ನ ಯಾರೂ ಮುಟ್ಟಲ್ಲ.

ಕೊನೆಗೆ ಅವನೇ ಸಿಕ್ಕಾಕೊಂಡ. "ಫುಲ್ ಸರ್ವಿಸ್ ಹಿಸ್ಟರಿ ಐತೆ" ಅಂತ ಬಿಲ್ ಕಟ್ಟೇ ಕೈಗೆ ಕೊಟ್ಟ. ಒಂದೊಂದೇ ತಿರುವಿದೆ. 2021ರ ಬಿಲ್‌ನಲ್ಲಿ 31,240 ಕಿಲೋಮೀಟರ್! ತೋರಿಸಿದೆ. "ಮೀಟರ್ ಚೇಂಜ್ ಆಗಿತ್ತು, ಹೇಳೋದ್ ಮರ್ತೆ ಬ್ರೋ."

ನಿಜ ಹೇಳ್ಲಾ? ಆವಾಗ್ಲೂ ನನಗೆ ಗಾಡಿ ಬೇಕಿತ್ತು. ಚೆನ್ನಾಗಿ ನೋಡ್ಕೊಂಡಿದ್ರೆ ಅಷ್ಟು ಓಡಿದ ಆರ್15 ಏನೂ ಮುದಿ ಅಲ್ಲ. ರೇಟು ಇಳಿಸಿ ಅಂತ ಕೇಳೋಣ ಅಂತಿದ್ದೆ. ಅಷ್ಟರಲ್ಲಿ ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿದೆ (ಮನೆಲೇ ಮಾಡ್ಬೇಕಿತ್ತು, ದಡ್ಡ ನಾನು). ಎರಡನೇ ಓನರ್. ಮೇಲೆ ಫೈನಾನ್ಸ್ ಸಾಲ ಇನ್ನೂ ಹಂಗೇ ಐತೆ. ಸಾಲ ತೀರಿಸಿ ಫಾರ್ಮ್ 35 ಆಗ್ದೇ, ಬರೀ 29, 30ಕ್ಕೆ ಸೈನ್ ಹಾಕಿಸ್ಕೊಂಡ್ರೆ ಗಾಡಿ ನನ್ನ ಹೆಸರಿಗೆ ಬರಲ್ಲ. ದುಡ್ಡು ಅವ್ವಂದು, ಕಂತು ಇನ್ಯಾರದೋ, ಗಾಡಿ ಫೈನಾನ್ಸ್‌ನವ್ರದು.

ಟೋಕನ್ ವಾಪಸ್ ಕೇಳ್ದೆ. "ನಾಳೆ ಹಾಕ್ತೀನಿ" ಅಂದ. ರಾತ್ರಿ ನಂಬರ್ ಬ್ಲಾಕ್.

ಮನೆಗೆ ಬಂದು ದುಡ್ಡಿನ ಕವರ್ ಅವ್ವನ ಕೈಗೆ ಕೊಟ್ಟೆ. ಒಲೆ ಮುಂದೆ ಕೂತು ಎರಡು ಸಲ ಎಣಿಸಿದ್ಲು. "ಎಲ್ಡು ಸಾವ್ರ ಕಮ್ಮಿ ಐತಲ್ಲ ಮಗ?" ತಾತ ನನ್ನ ಮುಖ ನೋಡಿದ್ರು, ಏನೂ ಅನ್ಲಿಲ್ಲ. ಸೋಮವಾರ ಸಂಘದ ಕಂತು. ನಾನಿನ್ನೂ ಲೆಕ್ಕ ಹೇಳಿಲ್ಲ.