ಸೀನು ಬಂದ್ರ ಎದಿ ಧಸಕ್

ನಾಲ್ಕು ಮಂದಿ ಹೆಣ್ಮಕ್ಕಳು ಕೂಡಿದಲ್ಲೆ ಮೊಣಕಾಲು ನೋವು, ಬಿ.ಪಿ., ಶುಗರು, ಥೈರಾಯ್ಡು ಎಲ್ಲಾದರ ಮಾತೂ ಬರತದ. ಸೀನಿದಾಗ, ಕೆಮ್ಮಿದಾಗ, ಜೋರಾಗಿ ನಕ್ಕಾಗ ನಾಲ್ಕು ಹನಿ ಒಂದಕ್ಕ ಆಗಿ ಬಿಡತದಲ್ಲಾ, ಅದೊಂದರ ಮಾತು ಮಾತ್ರ ಬರಂಗಿಲ್ಲ. ನಾನಂತೂ ಇವತ್ತ ಬಿಚ್ಚಿ ಬರದ ಬಿಡತೀನಿ. ಗಂಡಸರು ಯಾರರ ಓದಲಿಕತ್ತಿದ್ರ ಪೂರ್ತಿ ಓದ್ರಿ, ನಿಮಗೂ ಕೆಲಸಕ್ಕ ಬರೋ ಮಾತದ.

ನಮ್ಮ ಅತ್ತಿಯವರು ಕಡೀ ಕಡೀಕ ನೈವೇದ್ಯದ ಅಡಗಿ ಮಾಡೋದ ಬಿಟ್ಟಿದ್ರು. "ನನ್ನ ಮಡಿ ನಿಲ್ಲಂಗಿಲ್ಲವಾ, ನೀನ ಮಾಡು" ಅಂತಿದ್ರು. ಒಗ್ಗರಣಿ ಘಾಟಿಗೆ ಒಂದು ಸೀನು ಬಂತಂದ್ರ ಮತ್ತ ಬಚ್ಚಲಕ್ಕ ಹೋಗೋದು, ಮತ್ತ ಸೀರಿ ಬದಲಿಸೋದು. ಮಠಕ್ಕ ಹೋಗೋದು ನಿಂತಿತು, ಲಗ್ನ ಮುಂಜಿವಿಗೆ ಹೋಗೋದೂ ನಿಂತಿತು. ಯಾಕ ಅಂತ ಅವರು ಹೇಳಲಿಲ್ಲ, ವಯಸ್ಸಾತು ಅಂತ ಮಂದಿ ಅಂದ್ರು, ಅಲ್ಲಿಗೆ ಮುಗೀತು.

ನನಗ ಮುಟ್ಟು ನಿಂತು ಎರಡು ವರ್ಷ ಆಗಿತ್ತು, ಅದ ತ್ರಾಸು ಶುರು ಆತು. ಬ್ಯಾಸಗಿಯೊಳಗ ಬ್ಯಾಡಗಿ ಮೆಣಸಿನಕಾಯಿ ತೊಗೊಂಡು ಖಾರಾ ಕುಟ್ಟಸಲಿಕ್ಕೆ ಹೋಗೋ ಕೆಲಸಾ ವೈನಿಗೆ ಒಪ್ಪಿಸಿದೆ. ಅಷ್ಟರಾಗ ಬೆಂಗಳೂರಿನ್ಯಾಗಿರೋ ಮಗಳು ಬಸರಾದ್ಲು. ಹುಬ್ಬಳ್ಳಿಯಿಂದ ನಾನೂರು ಕಿಲೋಮೀಟರು, ರಾತ್ರಿ ಬಸ್ಸು. ಬಾಣಂತನಾ ಮಾಡೋವಾಕಿ ಬಸ್ಸಿಗೆ ಅಂಜಿ ಮನ್ಯಾಗ ಕೂಡಲಿಕ್ಕಾಗತದೇನು? ಡಾಕ್ಟರ ಕಡೆ ಹೋದೆ.

ಅವರು ಮೊದಲ ಯೂರಿನ್, ಶುಗರ್ ಟೆಸ್ಟ್ ಮಾಡಿಸಿ, ಇನ್ಫೆಕ್ಷನ್ ಇಲ್ಲ ಅಂತ ಖಾತ್ರಿ ಆದಮ್ಯಾಲ ಫಿಸಿಯೋಥೆರಪಿಗೆ ಚೀಟಿ ಕೊಟ್ರು. ಆ ಫಿಸಿಯೋ ಹುಡುಗಿ ನನ್ನ ಮಗಳ ವಾರಿಗಿಯಾಕಿ. ಒಂದು ಟವೆಲ್ಲು ಜೋಳಿಗಿ ಹಂಗ ಹಿಡದು ತೋರಿಸಿದ್ಲು. "ನೋಡ್ರಿ ಆಂಟಿ, ಮುಂದಿನ ಎಲುಬಿನಿಂದ ಹಿಂದ ಬಾಲದ ಎಲುಬಿನ ತನಕಾ ಹಿಂಗ ಸ್ನಾಯು ಹರಡ್ಯಾವ. ಮೂತ್ರಚೀಲ, ಗರ್ಭಕೋಶ, ದೊಡ್ಡ ಕರುಳಿನ ಕೊನಿ, ಇವನ್ನೆಲ್ಲಾ ಕೆಳಗಿನಿಂದ ಹೊತ್ತುಕೊಂಡಿದ್ದು ಇದ." ಹೆರಿಗಿ, ಮುಟ್ಟು ನಿಂತ ಮ್ಯಾಲ ಹಾರ್ಮೋನು ಕಡಿಮಿ ಆಗೋದು, ಮಲಬದ್ಧತಿಗೆ ದಿನಾ ತಿಣಕೋದು, ಬಿಡದ ಕೆಮ್ಮು, ತುಂಬಿದ ಕೊಡಾ ಎತ್ತೋದು, ಇವೆಲ್ಲಾ ಕೂಡಿ ಜೋಳಿಗಿ ಸಡ್ಲಾಗತದಂತ. ಸಡ್ಲಾದ ಸ್ನಾಯು ಕೈಕಾಲಿನ ಸ್ನಾಯುವಿನಂಗ ಕೆಲಸಾ ಕೊಟ್ರ ಗಟ್ಟಿನೂ ಆಗತದ. ಅಮೇರಿಕಾದ ಡಾಕ್ಟರು ಆರ್ನಾಲ್ಡ್ ಕೆಗೆಲ್ 1948ರಾಗನ ಇದರ ಬಗ್ಗೆ ಬರದಾರ. ಇಷ್ಟು ವರ್ಷ ಆದ್ರೂ ನಮ್ಮ ಅಡಗಿಮನಿ ತನಕಾ ಬಂದಿಲ್ಲ ನೋಡ್ರಿ.

ವ್ಯಾಯಾಮ ಹಿಂಗದ. ಗಾಳಿ ತಡಕೊಂಡಂಗ, ಒಂದಕ್ಕ ತಡಕೊಂಡಂಗ, ಎರಡೂ ಕೂಡೇ ಒಳಗ ಮತ್ತ ಮ್ಯಾಲ ಎಳಕೋಬೇಕು. ಐದು ಎಣಸೋ ತನಕಾ ಹಿಡದು ಪೂರ್ತಿ ಬಿಡಬೇಕು. ಈ ಬಿಡೋದೂ ಹಿಡಿಯೋದರಷ್ಟ ಮುಖ್ಯ ಅಂದ್ಲು. ಉಸಿರು ಕಟ್ಟಬಾರದು, ಕುಂಡಿ, ತೊಡಿ ಬಿಗಿಯಬಾರದು. ಭಾಳ ಮಂದಿ ಮ್ಯಾಲ ಎಳಕೊಳ್ಳೋ ಬದಲಿ ಕೆಳಗ ಮುಕ್ಕರಿತಾರಂತ. ಹಿಂಗಾಗಿ ಒಪ್ಪಿಗಿ ಕೇಳಿ, ಕೈಗೆ ಗ್ಲೋವ್ಸ್ ಹಾಕೊಂಡು, ಒಳಗ ಬೆರಳಿಟ್ಟು ಪರೀಕ್ಷಾ ಮಾಡಿದ್ಲು. ನಾಚಿಕಿ ಆತು, ಸುಳ್ಳ್ಯಾಕ ಹೇಳ್ಲಿ. ಆದ್ರ ಪುಸ್ತಕಾ ಓದಿ ಸಿಗದ ಸ್ನಾಯು ಅವತ್ತ ಸಿಕ್ಕಿತು.

ಒಂದು ಸಲಕ್ಕ ಎಂಟು ಹತ್ತು, ದಿನಕ್ಕ ಮೂರು ಸಲ. ಮೊದಲ ಮಲಗಿಕೊಂಡು, ಆಮ್ಯಾಲ ಕೂತು, ಆಮ್ಯಾಲ ನಿಂತು. ನಾ ನಿಂತು ಮಾಡೋದನ್ನ ಕುಕ್ಕರಿಗೆ ಗಂಟು ಹಾಕೀನಿ, ಸೀಟಿ ಆಗೋದರೊಳಗ ಮುಗೀತದ. ಒಂದಕ್ಕ ಮಾಡೋವಾಗ ನಡುವ ನಿಲ್ಲಿಸಿ ರೂಢಿ ಮಾಡಬಾರದು, ಹಂಗ ಮಾಡಿದ್ರ ಚೀಲ ಪೂರ್ತಿ ಖಾಲಿ ಆಗಂಗಿಲ್ಲ. ಎಲ್ಲಾಕಿಂತ ಕೆಲಸಕ್ಕ ಬಂದ ಮಾತಂದ್ರ, ಸೀನು ಬರತದ ಅಂತ ಮೂಗು ಹೇಳಿದ ಕೂಡ್ಲೇ ಜೋಳಿಗಿ ಎಳಕೋಬೇಕು, ಆಮ್ಯಾಲ ಸೀನಬೇಕು. ಭಾರಾ ಎತ್ತೋದಕ್ಕೂ ಇದ ನೇಮ. ಹೊರಗ ಹೋಗೋ ದಿನಾ ನೀರ ಕುಡೀದ ಇರೋ ನಮ್ಮ ಹೆಣ್ಮಕ್ಕಳ ಚಾಳಿಗೆ ಆ ಹುಡುಗಿ ಭಾಳ ಬೈದ್ಲು. ಮೂತ್ರ ಗಟ್ಟಿಯಾಗಿ ಚೀಲಕ್ಕ ಇನ್ನಷ್ಟು ಕಿರಿಕಿರಿ ಆಗತದಂತ.

ಮೊದಲ ತಿಂಗಳು ಏನೂ ಫರಕ ಕಾಣಲಿಲ್ಲ. ಮೂರು ತಿಂಗಳರ ಮಾಡಬೇಕು ಅಂತ ಮೊದಲ ಹೇಳಿದ್ಲು, ಅದಕ್ಕ ಬಿಡಲಿಲ್ಲ. ಎರಡನೇ ತಿಂಗಳ ಕಡೀಕ ದಿನಕ್ಕ ಮೂರಿದ್ದ ಪ್ಯಾಡು ಒಂದಕ್ಕ ಬಂತು. ಈಗ ಜೋರು ನೆಗಡಿ ಬಂದಾಗಷ್ಟ ಅಷ್ಟಿಷ್ಟು. ಎಲ್ಲಾರಿಗೂ ವ್ಯಾಯಾಮದಿಂದನ ಮುಗೀತದ ಅಂತಲ್ಲ. ಕೆಳಗ ಗಡ್ಡಿ ಜಾರಿ ಬಂದಂಗಾದ್ರ, ಮೂತ್ರದಾಗ ರಕ್ತ ಕಂಡ್ರ ಮೊದಲ ಡಾಕ್ಟರಿಗೆ ತೋರಸ್ರಿ.

ಬಸ್ಸು ಹತ್ತಿದೆ, ಬಾಣಂತನಾನೂ ಮಾಡಿದೆ. ಅಂಟಿನುಂಡಿ, ಎಣ್ಣಿ ನೀರು, ಹೊಟ್ಟಿ ಕಟ್ಟೋದು, ಯಾವುದೂ ಬಿಡಲಿಲ್ಲ. ಮ್ಯಾಲ ಹೊಟ್ಟಿಗೆ ಇಷ್ಟು ಬಿಗಿಯಾಗಿ ಕಟ್ಟತೇವಿ, ಕೆಳಗಿನ ಜೋಳಿಗಿ ಸುದ್ದಿ ನಮ್ಮ ಬಾಣಂತನದಾಗ ಎಲ್ಲೂ ಇಲ್ಲ. ಅಕಿ ಡಾಕ್ಟರನ್ನ ಕೇಳಿ, ಹೊಲಿಗಿ ನೋವು ಇಳದ ಮ್ಯಾಲ, ಸಾವಕಾಶ ಅಕಿಗೂ ಶುರು ಮಾಡಿಸಿದೆ. ಕೂಸಿಗೆ ಹಾಲು ಕುಡಿಸಲಿಕ್ಕೆ ಕೂತಾಗೆಲ್ಲಾ ಮಾಡತಾಳ.

ಇನ್ನ ಗಂಡಸರ ಮಾತು. ಪ್ರಾಸ್ಟೇಟ್ ಆಪರೇಷನ್ ಆದವರಿಗೂ ಇದ ವ್ಯಾಯಾಮ ಹೇಳತಾರ, ಅವರಿಗೂ ಇದ ಜೋಳಿಗಿ ಅದ. ಇದನ್ನ ಮಗಳಿಗೆ ಫೋನಿನ್ಯಾಗ ಹೇಳಲಿಕತ್ತಿದ್ದೆ, ನಮ್ಮನಿಯವರು ಪೇಪರು ಕೆಳಗಿಟ್ಟು, "ಏನಂದಿ? ಇನ್ನೊಮ್ಮೆ ಹೇಳು" ಅಂದ್ರು.