ಅಟ್ಟದ ಮೇಲಿನ ಸೈನ್ಯ

ಕಳೆದ ದಸರೆಯ ರಜೆಯಲ್ಲಿ ನಾನೊಂದು ಸೈನ್ಯಕ್ಕೆ ಸಮವಸ್ತ್ರ ತೊಡಿಸಿದೆನೆಂದರೆ ಮಿತ್ರರು ನಕ್ಕಾರು. ಆದರೆ ಮಾತು ನಿಜ. ಸೈನಿಕರು 120 ಮಂದಿ. ಒಬ್ಬೊಬ್ಬನ ಎತ್ತರ ಸುಮಾರು ಒಂದಂಗುಲ!

ನನ್ನ ಸೋದರಮಾವ ಇಂಗ್ಲೆಂಡಿನಲ್ಲಿ ಕೆಲಸದಲ್ಲಿದ್ದಾಗ ಕೊಂಡ ಪ್ಲಾಸ್ಟಿಕ್ ಸಿಪಾಯಿಗಳಿವು. ಇಂಥವನ್ನು ಮೇಜಿನ ಮೇಲೆ ಹೂಡಿ, ದಾಳ ಉರುಳಿಸಿ, ಹಳೆಯ ಕದನಗಳನ್ನು ಮತ್ತೆ ಆಡುವುದು ಆ ದೇಶದಲ್ಲಿ ದೊಡ್ಡವರಿಗೂ ಒಂದು ವಿನೋದ. ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಷ್ಟು ಹಿಂದೆಯೇ ಇಂಥ ಆಟದ ನಿಯಮಗಳನ್ನು ಪುಸ್ತಕವಾಗಿ ಪ್ರಕಟಿಸಿದ್ದನು. ಮಾವನವರ ಸಿಪಾಯಿಗಳು 1815ರ ಜೂನ್ 18ರಂದು ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಎದುರಿಸಿದ ಬ್ರಿಟಿಷ್ ಕಾಲಾಳುಗಳು.

ಒಂದೊಂದು ಗುಂಡಿಯೂ ಚರಿತ್ರೆಗೆ ಸರಿಹೊಂದಬೇಕೆಂಬ ಹಠದಿಂದ ಮಾವ 30 ವರ್ಷಗಳಲ್ಲಿ ಬಣ್ಣ ಹಚ್ಚಿ ಮುಗಿಸಿದ್ದು 11 ಮಂದಿಗೆ ಮಾತ್ರ. ಉಳಿದವರು ಬಿಸ್ಕತ್ತಿನ ಡಬ್ಬಿಯಲ್ಲಿ ಅಟ್ಟ ಸೇರಿದ್ದರು. ಈಗ ಮಾವನವರಿಗೆ ಗ್ಲಾಕೋಮಾ. ದೃಷ್ಟಿ ಕುಗ್ಗುತ್ತಿದೆ, ಹೋದದ್ದು ಮರಳದೆಂದು ವೈದ್ಯರು ಹೇಳಿದ್ದಾರೆ. "ಒಂದು ಸಲ ಎಲ್ಲರೂ ಸಾಲಾಗಿ ನಿಂತದ್ದನ್ನು ನೋಡಬೇಕಿತ್ತು ಕಣೋ" ಎಂದರು. ರಜೆಯಲ್ಲಿ ಉಳಿದಿದ್ದುದು 8 ದಿನ.

ಮೊದಲು ಎಲ್ಲರಿಗೂ ಸೋಪಿನ ನೀರಿನ ಸ್ನಾನ. ಜಿಡ್ಡಿದ್ದರೆ ಬಣ್ಣ ಹಿಡಿಯದು. ಬಳಿಕ ಐಸ್‌ಕ್ರೀಂ ಕಡ್ಡಿಯೊಂದಕ್ಕೆ ಐದೈದು ಮಂದಿಯಂತೆ ಅಂಟಿಸಿ, ಬೂದುಬಣ್ಣ ಸಿಂಪಡಿಸಿದೆ. ಅವರ ಷರಾಯಿಯ ಬಣ್ಣವೂ ಬೂದಿಯೇ ಆದುದರಿಂದ ಅಷ್ಟು ಕೆಲಸ ಉಳಿಯಿತು. ಒಂದು ದಿನವೆಲ್ಲ ಅಂಗಿಗಳಿಗೆ ಕೆಂಪು. ಮರುದಿನ ಟೋಪಿಗಳಿಗೆ ಕಪ್ಪು. ಆಮೇಲೆ ಮುಖ, ಬಂದೂಕು, ಎದೆಯ ಮೇಲಿನ ಬಿಳಿಯ ಪಟ್ಟಿಗಳು. ಕಣ್ಣು, ಗುಂಡಿಗಳ ಗೋಜಿಗೇ ಹೋಗಲಿಲ್ಲ. ಕೊರಳಪಟ್ಟಿ, ತೋಳಿನ ತುದಿಗಳಿಗೆ ಮಾವನ ಹನ್ನೊಂದು ಮಂದಿಯನ್ನು ನೋಡಿ ಹಳದಿ ಹಚ್ಚಿದೆ. ಕೊನೆಯಲ್ಲಿ ನೀರಾಗಿಸಿದ ಕಂದುಬಣ್ಣವನ್ನು ಎಲ್ಲರ ಮೇಲೂ ಸವರಿದೆ. ಅದು ಮಡಿಕೆಗಳಲ್ಲಿ ಇಳಿದು ನೆರಳಾಯಿತು. ಕೈಯಲ್ಲಿ ಹಿಡಿದರೆ ಒಬ್ಬೊಬ್ಬನೂ ಒರಟು. ಮೂರಡಿ ದೂರದಿಂದ ಸೈನ್ಯ!

ಎಂಟನೆಯ ದಿನ ಸಂಜೆ ಮೇಜಿನ ಮೇಲೆ ಸಾಲು ನಿಲ್ಲಿಸಿದೆ. ಮಾವ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಒಬ್ಬನನ್ನೆತ್ತಿ ಭೂತಕನ್ನಡಿ ಹಿಡಿದರು. ನನ್ನ ಎದೆ ಡವಡವಿಸಿತು. ಕೊನೆಯ ಎರಡು ಕಡ್ಡಿಗಳವರಿಗೆ ಹಳದಿ ಹಚ್ಚಲು ಮರೆತಿದ್ದೆ!

"ಕೆಂಪು ಅಂಗಿಗೆ ಕೆಂಪು ಪಟ್ಟಿಯೇ! ಇವರು 33ನೆಯ ರೆಜಿಮೆಂಟು. ಓದಿಕೊಂಡು ಹಚ್ಚಿದೆಯಾ?"

"ಇಲ್ಲ ಮಾವ, ಮರೆತೆ."

ಮಾವ ನಕ್ಕುಬಿಟ್ಟರು. 1799ರ ಏಪ್ರಿಲ್ 5ರ ರಾತ್ರಿ ನಮ್ಮ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ತೋಪಿನಲ್ಲಿ ಟಿಪ್ಪುವಿನ ಸೈನಿಕರು ಹಿಮ್ಮೆಟ್ಟಿಸಿದ್ದು ಈ ರೆಜಿಮೆಂಟಿನವರನ್ನೇ ಎಂದರು. ಆ ರಾತ್ರಿ ಅವರನ್ನು ಕರೆತಂದಿದ್ದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಡ್ಯೂಕನಾಗಿ ವಾಟರ್ಲೂವಿನಲ್ಲಿ ಗೆದ್ದವನು. ನಾನು ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ವಿದ್ಯಾರ್ಥಿ. ಆದರೂ ಇದು ನನಗೆ ಗೊತ್ತಿರಲಿಲ್ಲ.

ಪರಿಪೂರ್ಣತೆಯನ್ನು ಹಳಿಯಲಾರೆ, ಆ ಹನ್ನೊಂದು ಮಂದಿ ನನ್ನವರಿಗಿಂತ ಬಹಳ ಚೆಲುವರು. ಆದರೆ ಮಾವ ನೋಡಬಯಸಿದ್ದು ಇಡೀ ಸಾಲನ್ನು. ಅದನ್ನು ಅವರು ನೋಡಿದರು.

ಹೊರಡುವಾಗ ಮಾವ ಕೇಳಿದರು: "ಇವರೆದುರಿಗೆ ನಮ್ಮವರು ಬೇಡವೇನೋ?" ಟಿಪ್ಪುವಿನ ಸಿಪಾಯಿಗಳ ಅಂಗಿಯ ಹುಲಿಪಟ್ಟೆಗಳನ್ನು ಬೇಗ ಹಚ್ಚುವ ಬಗೆ ನನಗಿನ್ನೂ ಹೊಳೆದಿಲ್ಲ. ಆದರೆ ಬೇಸಗೆಯ ರಜೆಯವರೆಗೆ ಕಾಯುವಂತಿಲ್ಲ. ಬರುವ ಭಾನುವಾರವೇ ಪ್ರಾರಂಭಿಸುತ್ತೇನೆ.