ಗುಡ್ಡದ ನಕ್ಷೆಗೆ ದೊಡ್ಡ ಲ್ಯಾಪ್‌ಟಾಪ್ ಬೇಕಾ?

ಡ್ರೋನ್ ಫೋಟೋಗಳಿಂದ ಜಾಗದ ನಕ್ಷೆ ಮಾಡ್ಲಿಕ್ಕೆ ಎಂತಹ ಲ್ಯಾಪ್‌ಟಾಪ್ ಬೇಕು ಅಂತ ನಾಲ್ಕೈದು ಮಂದಿ ಕೇಳಿದ್ದೀರಿ. ಬಿಜೈಯಲ್ಲಿ ಅಕ್ಕನ ಮಗನ ರೂಮಿನಲ್ಲಿ ಎರಡು ದಿನ ಕೂತು ಅವನ 17.3 ಇಂಚಿನ ಮೆಷಿನ್ ಉಪಯೋಗಿಸಿ ನೋಡಿದೆ. ಕಂಪೆನಿ ಹೆಸರು ಬೇಡ. ಈ ಜಾತಿಯ ಎಲ್ಲ ಮೆಷಿನಿಗೂ ಹೆಚ್ಚುಕಮ್ಮಿ ಇದೇ ಮಾತು.

ನಮಗೆ ಇದರ ಗರಜು ಯಾಕೆ ಅಂದ್ರೆ ನೀರು. ನಮ್ಮ ಸುರಂಗದ ನೀರು ಈ ಸಲ ಮಾರ್ಚಿಗೇ ನೂಲಿನಷ್ಟಾಗಿದೆ. ಮಳೆಗೆ ಮೊದಲು ಮೇಲಿನ ಗುಡ್ಡದಲ್ಲಿ ಇಂಗುಗುಂಡಿ ಆಗಬೇಕು. ಎಲ್ಲಿ ತೆಗೆಯುದು ಅನ್ನುದಕ್ಕೆ ಅರ್ಧ ಮೀಟರಿನ ಸಮಪಾತಳಿ ಗೆರೆ ಬೇಕು. ಐದು ಮನೆ ಸೇರಿ ದುಡ್ಡು ಹಾಕುವ ಆಲೋಚನೆ ಇತ್ತು.

ಫೋಟೋ ಜೋಡಿಸಲು ವೆಬ್‌ಒಡಿಎಂ, ಗೆರೆ ನೋಡಲು ಕ್ಯೂಜಿಐಎಸ್. ಎರಡೂ ಮುಕ್ತ ತಂತ್ರಾಂಶ. ಮುಖ್ಯವಾಗಿ ಬೇಕಾದ್ದು ರ್‍ಯಾಮ್. ಸುಮಾರು 250 ಫೋಟೋಗೆ 16 ಜಿಬಿ, 500ಕ್ಕೆ 32 ಜಿಬಿ ಅಂತ ಲೆಕ್ಕ. ನಮ್ಮ 410 ಫೋಟೋ 16 ಜಿಬಿಯಲ್ಲಿ ಅರ್ಧಕ್ಕೇ ನಿಂತಿತು. ಅಳಿಯ ಹಿಂದಿನ ಮುಚ್ಚಳ ಬಿಚ್ಚಿ ಇನ್ನೊಂದು 16 ಜಿಬಿ ಹಾಕಿದ ಮೇಲೆ ಮುಗಿಯಿತು. ದೊಡ್ಡ ಮೆಷಿನಿನ ನಿಜವಾದ ಗುಣ ಇದು. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪಿನಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಆಗಿರ್ತದೆ, ಮತ್ತೆ ಸೇರಿಸ್ಲಿಕ್ಕೆ ಆಗುದಿಲ್ಲ.

ಇನ್ನು ಸೆಕೆಯ ವಿಷಯ. ಗಾಳಿ ಅಡಿಯಿಂದ ಒಳಗೆ ಹೋಗಿ ಹಿಂದಿನಿಂದ ಹೊರಗೆ ಬರ್ತದೆ. ಹಾಸಿಗೆ ಮೇಲೆ ಇಟ್ಟರೆ ಬಾಯಿ ಕಟ್ಟಿದ ಹಾಗೆ. ಒಳಗೆ 100 ಡಿಗ್ರಿ ಹತ್ತಿರ ಬಂದ್ರೆ ಪ್ರೊಸೆಸರ್ ತಾನೇ ವೇಗ ಇಳಿಸ್ತದೆ. ಬಿಜೈಯ ಏಪ್ರಿಲ್ ಸೆಕೆಯಲ್ಲಿ ಮೇಜಿನ ಮೇಲೆ ಸುಮ್ಮನೆ ಇಟ್ಟಾಗ 240 ಫೋಟೋದ ಕೆಲಸಕ್ಕೆ ಎರಡೂ ಮುಕ್ಕಾಲು ಗಂಟೆ ಹಿಡಿಯಿತು. ಎರಡು ರೀಪಿನ ತುಂಡು ಅಡಿಗಿಟ್ಟು ಪುನಃ ಮಾಡಿದ್ರೆ ಎರಡು ಗಂಟೆ ಹತ್ತು ನಿಮಿಷ. ಒಂದು ಪೈಸೆ ಖರ್ಚಿಲ್ಲ ನೋಡಿ! ಫ್ಯಾನಿನ ಸದ್ದು ಮಾತ್ರ ಪಕ್ಕದ ಕೋಣೆಗೂ ಕೇಳ್ತದೆ.

ಬ್ಯಾಟರಿಯನ್ನು ನಂಬಬೇಡಿ. ವಿಮಾನದಲ್ಲಿ ಕೇಳದೆ ಒಯ್ಯುವ ಮಿತಿ 100 ವ್ಯಾಟ್-ಅವರ್, ಹಾಗಾಗಿ ಎಷ್ಟೇ ದೊಡ್ಡ ಮೆಷಿನಿಗೂ ಅದಕ್ಕಿಂತ ದೊಡ್ಡ ಬ್ಯಾಟರಿ ಹಾಕುದಿಲ್ಲ. ಇದರದ್ದು 90. ಪೂರ್ತಿ ಕೆಲಸದಲ್ಲಿ 180 ವ್ಯಾಟ್ ಎಳೆದ್ರೆ ಅರ್ಧ ಗಂಟೆ, ಅಷ್ಟೆ. ಅದಕ್ಕೇ ಪ್ಲಗ್ ತೆಗೆದ ಕೂಡಲೆ ವೇಗ ತಗ್ಗಿಸಿ ಎಳೆದಾಡ್ತದೆ. ಆದ್ರೂ ನಮ್ಮಲ್ಲಿ ಐದು ನಿಮಿಷಕ್ಕೊಮ್ಮೆ ಹೋಗುವ ಕರೆಂಟಿಗೆ ಅದೂ ಉಪಕಾರವೇ, ಮಾಡಿದ ಕೆಲಸ ಹಾಳಾಗುದಿಲ್ಲ. ಗುಡುಗು ಸುರುವಾದ್ರೆ ಮಾತ್ರ ಪ್ಲಗ್ ಎಳೆದಿಡಿ.

ಭಾರ ಮೂರು ಕೆಜಿ, ಅಡಾಪ್ಟರ್ ಸುಮಾರು ಒಂದು. ಕೆಎಸ್ಸಾರ್ಟಿಸಿ ಸ್ಟ್ಯಾಂಡಿಗೆ ಹೆಗಲಿಗೆ ಹಾಕಿ ನಡೆದು ನೋಡಿದೆ. ಹೊತ್ತುಕೊಳ್ಳಬಹುದು, ದಿನಾ ಅಲ್ಲ. ಕೀಬೋರ್ಡಿನಲ್ಲಿ ಅಂಕೆಗಳಿಗೆ ಬೇರೆ ಜಾಗ ಉಂಟು, ಸರ್ವೆ ನಂಬ್ರ ಒತ್ತಲು ಸುಖ.

ಅಂಗಡಿಗೆ ಹೋಗುವವರಿಗೆ ಒಂದು ಮಾತು. ‘ಆರ್‌ಟಿಎಕ್ಸ್ 4060’ ಅಂತ ಸ್ಟಿಕ್ಕರ್ ನೋಡಿ ದುಡ್ಡು ಕೊಡಬೇಡಿ. ಅದೇ ಹೆಸರಿನ ಚಿಪ್ಪನ್ನು ಒಂದು ಕಂಪೆನಿ 35 ವ್ಯಾಟಿನಲ್ಲಿ, ಇನ್ನೊಂದು 115 ವ್ಯಾಟಿನಲ್ಲಿ ಓಡಿಸಬಹುದು. ಪಂಪ್‌ಸೆಟ್ಟಿಗೆ ಎಚ್‌ಪಿ ಕೇಳುವ ಹಾಗೆ ಇಲ್ಲಿ ವ್ಯಾಟ್ ಕೇಳಿ.

ನಕ್ಷೆ ಹೇಗೆ ಬಂತು? ಬೋಳು ಗುಡ್ಡದಲ್ಲಿ ಚಂದ ಬಂತು. ನಾವು ಗುಂಡಿ ತೆಗೆಯಬೇಕು ಅಂದುಕೊಂಡ ಬದಿಗೆ ನೀರು ಬರುದೇ ಇಲ್ಲ, ಪಡುಬದಿಯ ಮಾರ್ಗಕ್ಕೆ ಇಳಿದು ಹೋಗ್ತದೆ. ಅಡಿಕೆ ತೋಟದೊಳಗೆ ಮಾತ್ರ ಉಪಯೋಗ ಇಲ್ಲ. ಡ್ರೋನಿಗೆ ಕಾಣುದು ಸೋಗೆ, ಮಣ್ಣಲ್ಲ. ಮೆಷಿನ್ ಎಷ್ಟು ದೊಡ್ಡದಾದ್ರೂ ಅದು ಬದಲಾಗುದಿಲ್ಲ.

ಹಾಗಾದ್ರೆ ತೆಗೆಯುದಾ? ವೀಡಿಯೋ ಮಾಡುವವರು, ಮನೆಯಲ್ಲಿ ಇಂಜಿನಿಯರಿಂಗ್ ಓದುವ ಮಕ್ಕಳಿರುವವರು ತೆಗೆಯಿರಿ. ಒಂದೇ ಕಡೆ ಇಡುವುದಾದ್ರೆ, ಮನೆಯಲ್ಲಿ ಇನ್ವರ್ಟರ್ ಇದ್ರೆ, ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಹೆಚ್ಚು ಕೆಲಸ ಮಾಡ್ತದೆ, ರಿಪೇರಿಯೂ ಸುಲಭ. ನಾವು ಐದು ಮನೆಯವರು ಈ ವರ್ಷ ಎರಡೂ ಬೇಡ ಅಂತ ತೀರ್ಮಾನಿಸಿದೆವು. ಗುಡ್ಡ ವರ್ಷ ವರ್ಷ ಬದಲಾಗುದಿಲ್ಲ, ನಕ್ಷೆ ಒಮ್ಮೆ ಸಾಕು. ಎಲೆಚುಕ್ಕೆಯಿಂದ ಫಸಲು ಇಳಿದ ಈ ಹೊತ್ತಿನಲ್ಲಿ ಇದ್ದ ದುಡ್ಡು ಜೆಸಿಬಿ ಬಾಡಿಗೆಗೆ, ಪಡುಬದಿಯ ಗುಂಡಿಗಳಿಗೆ ಹೋಗಲಿ.

ನಿಮ್ಮ ಗುಡ್ಡದ ಫೋಟೋ ಇದ್ರೆ ಪೆನ್‌ಡ್ರೈವಿನಲ್ಲಿ ಕೊಡಿ. ‘ಆದಿತ್ಯವಾರ ಮೆಷಿನ್ ಖಾಲಿ ಇರ್ತದೆ ಮಾವ’ ಅಂದಿದ್ದಾನೆ ಅಳಿಯ.